ಗಂಟಿನ ಸಿಪ್ಪೆ

"ನೀವು ಅವ್ರ ಕೈಯಾಗ ಪಳಗಿದೋರು ಸರ್. ಎರಡು ಪುಟ ಬರದು ಕೊಡ್ರಿ. ನಾಕು ಒಳ್ಳೆ ಮಾತಿದ್ರ ಸಾಕು," ಎಂದು ಡಾಕ್ಟರರ ಸಂಸ್ಮರಣ ಸಂಚಿಕೆಯವರು ಫೋನಿನಲ್ಲಿ ಹೇಳಿದರು.

ನಾಲ್ಕು ಒಳ್ಳೆಯ ಮಾತುಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. ಅವರು ಬಡವರ ಜೊತೆ ಒಂದು ದನಿ, ಉಳ್ಳವರ ಜೊತೆ ಒಂದು ದನಿ ಇಟ್ಟುಕೊಂಡವರಲ್ಲ. ರೋಗಿಯ ಮನೆಯವರನ್ನು ನಿಲ್ಲಿಸಿ ವರದಿ ಕೊಟ್ಟವರಲ್ಲ. "ಕುಂದ್ರಿ" ಎಂದು ಕೂರಿಸಿದ ಮೇಲೆಯೇ ಲಕೋಟೆ ಕೈಗಿಡುತ್ತಿದ್ದರು. ಸಂಡೂರಿನ ಅದಿರು ಲಾರಿಗಳು ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದರೂ ಅವರ ಲ್ಯಾಬಿನ ಒಂದು ಗಾಜಿನ ಮೇಲೂ ಕೆಂಪು ಧೂಳು ಕೂರಲು ಬಿಟ್ಟವರಲ್ಲ. ನಾಲ್ಕನೆಯದು, ಗಂಟನ್ನು ನೋಡುವಾಗ ಗಂಟಿನ ಸುತ್ತಲಿನ ಸಿಪ್ಪೆಯನ್ನೂ ನೋಡಬೇಕು ಎಂದು ಈ ಭಾಗದ ವೈದ್ಯರಿಗೆಲ್ಲ ಕಲಿಸಿದವರು ಅವರೇ. ಈ ನಾಲ್ಕನೆಯದನ್ನು ಅವರು ಎಲ್ಲಿ ಕಲಿತರು ಎಂಬುದಷ್ಟೇ ಉಳಿದ ಬರಹ.

ಇದನ್ನು ಸೇಡಿಗಾಗಿ ಬರೆಯುತ್ತಿದ್ದೇನೆ. ಕಂಪ್ಲಿಗೆ ಕೊಟ್ಟಿದ್ದ ನನ್ನ ಅಕ್ಕ ಮೂವತ್ತೆಂಟನೆಯ ವಯಸ್ಸಿಗೆ ಕ್ಯಾನ್ಸರಿನಿಂದ ಸತ್ತಳು. ಅವಳ ಎದೆಯ ಗಂಟಿನ ಪರೀಕ್ಷೆ ಆದದ್ದು ಇವರ ಲ್ಯಾಬಿನಲ್ಲಿ. ಏನೂ ಇಲ್ಲ ಎಂದು ವರದಿ ಕೊಟ್ಟದ್ದು ಇವರು. ತಪ್ಪು ಎಲ್ಲರಿಂದಲೂ ಆಗುತ್ತದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೋದ ತಿಂಗಳು ಅವರು ತೀರಿಕೊಂಡ ಮೇಲೆ ಅವರ ಕಪಾಟು ತೆರೆದೆ. ಅಂದಿನಿಂದ ಹಾಗೆ ಹೇಳಿಕೊಳ್ಳುವುದು ನಿಂತಿತು. ಸತ್ತವರ ಮೇಲೆ ಹಗೆ ಸಾಧಿಸುವುದು ಹೇಡಿತನ ಎನ್ನುವವರಿದ್ದಾರೆ. ಬದುಕಿದ್ದಾಗಲೇ ಗೊತ್ತಾಗಿದ್ದರೆ ಆಗಲೇ ಸಾಧಿಸುತ್ತಿದ್ದೆ.

ಹೆಸರು ಬರೆಯುವುದಿಲ್ಲ. ಹೊಸಪೇಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಲ್ಯಾಬ್ ಡಾಕ್ಟರ್ರು ಎಂದರೆ ಮುಗಿಯಿತು.

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಹಾಗಾಗಿ ಕಾಗದದ ಮೇಲೆ ಇರುವುದು ಯಾವುದು, ನನ್ನ ತಲೆಯಲ್ಲಿ ಮಾತ್ರ ಇರುವುದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ನಾನು ಅವರ ಬಳಿ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಧಾರವಾಡದಲ್ಲಿ ಜೀವರಸಾಯನ ಓದಿ, ಸಂಶೋಧನೆಗೆ ಸೇರಿ, ಮಾರ್ಗದರ್ಶಕರ ಜೊತೆ ಜಗಳವಾಡಿ ಅರ್ಧಕ್ಕೆ ಬಿಟ್ಟು ಬಂದಿದ್ದೆ. ಅವರು ನನ್ನ ಸರ್ಟಿಫಿಕೇಟನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ ಕೇಳಿದರು: "ಎಮ್ಮೆಸ್ಸಿ ಅನ್ನು. ಚಾಕು ಸಾಣಿ ಹಿಡಿಯಾಕ ಬರ್ತದೇನು?"

"ಇಲ್ರಿ ಸರ."

"ಹಂಗಾರ ಓದಾದು ಇನ್ನೂ ಬಾಕಿ ಐತಿ. ನಾಳಿಂದ ಬಾ."

ಅಂದಿನಿಂದ ನನ್ನ ಹೆಸರು ಎಮ್ಮೆಸ್ಸಿ. ರೋಗಿಗಳ ಎದುರೂ "ಲೇ ಎಮ್ಮೆಸ್ಸಿ, ಆ ಬಾಟ್ಲಿ ತಾ" ಎಂದು ಕೂಗುತ್ತಿದ್ದರು. ಓದಿದ ಅಹಂಕಾರವನ್ನು ಇಷ್ಟು ಅಗ್ಗವಾಗಿ ಇಳಿಸಿದವರು ಬೇರೆ ಯಾರೂ ಇಲ್ಲ.

ಅವರದು ಹಂಪಿ ಕಡೆಯ ಅರ್ಚಕರ ಮನೆತನ. ಹಣೆಯ ಮೇಲೆ ಸಣ್ಣ ಅಂಗಾರದ ಗೆರೆ, ಮಡಿಸಿದ ತೋಳಿನ ಬಿಳಿ ಅಂಗಿ, ಬಲಗೈ ಬೆರಳಿನಲ್ಲಿ ಹವಳದ ಉಂಗುರ. ಬೆಳಿಗ್ಗೆ ಪೂಜೆ ಮುಗಿಸಿ ನೇರ ಬಂದು ಫಾರ್ಮಲಿನ್ ಬಾಟಲಿಯಲ್ಲಿ ಕೈ ಹಾಕುತ್ತಿದ್ದರು. ಯಾರೋ ಆಚಾರದವರು ಮೂಗು ಮುರಿದಾಗ, "ಅಲ್ಲೂ ಮಡಿನ, ಇಲ್ಲೂ ಮಡಿನ. ಇಲ್ಲಿ ಮೈಲಿಗಿ ಆದ್ರ ಮನುಷ್ಯಾ ಸಾಯ್ತಾನ, ಅಷ್ಟ ಫರಕು" ಎಂದಿದ್ದರು. ಈ ಮಾತನ್ನು ಸಂಚಿಕೆಯಲ್ಲಿ ಬೇರೆಯವರೂ ಬರೆದೇ ಬರೆಯುತ್ತಾರೆ. ಬರೆಯಲಿ. ಚೆನ್ನಾಗಿದೆ.

ರಾಯಕಾಲುವೆಯ ಕೆಳಗೆ ಅವರಿಗೆ ಬಾಳೆಯ ತೋಟವಿತ್ತು. ಗೊನೆ ಲ್ಯಾಬಿನ ಮೂಲೆಯಲ್ಲೇ ಹಣ್ಣಾಗುತ್ತಿತ್ತು. ಲಕೋಟೆಯ ಜೊತೆ ಪ್ರತಿಯೊಬ್ಬರಿಗೂ ಒಂದು ಹಣ್ಣು. ಒಳ್ಳೆಯ ಸುದ್ದಿಯಾದರೆ ತಾವೂ ಒಂದು ಸುಲಿದು ಜೊತೆಗೆ ತಿನ್ನುತ್ತಿದ್ದರು, ಕೆಟ್ಟದ್ದಾದರೆ ತಿನ್ನುತ್ತಿರಲಿಲ್ಲ. ಸಂಡೂರಿನಿಂದ, ಗಾದಿಗನೂರಿನಿಂದ ಬಂದವರಿಗೆ ಇದು ಗೊತ್ತಾಗಿ ಲಕೋಟೆ ಬಿಡಿಸದೆ ಅವರ ಕೈಯನ್ನೇ ನೋಡುತ್ತ ಕೂರುತ್ತಿದ್ದರು. ಅಕ್ಕನ ವರದಿಯ ದಿನ ಅವರು ಹಣ್ಣು ತಿಂದರು. ಅದು ನನಗೆ ಚೆನ್ನಾಗಿ ನೆನಪಿದೆ. ಬೇರೆ ಯಾವುದು ಸುಳ್ಳಾದರೂ ಅದು ಸುಳ್ಳಾಗಲಾರದು.

ಕೆಲಸ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ತಪ್ಪು ಎಲ್ಲಿ ಆಯಿತೆಂದು ತಿಳಿಯುವುದಿಲ್ಲ. ನರ್ಸಿಂಗ್ ಹೋಮಿನವರು ಕತ್ತರಿಸಿ ತೆಗೆದ ಗಂಟನ್ನು ಬಾಟಲಿಯಲ್ಲಿ ಕಳಿಸುತ್ತಾರೆ. ಅದರಿಂದ ಬೇಕಾದ ತುಂಡನ್ನು ಸಣ್ಣ ಚಾಕುವಿನಿಂದ ಕೊಯ್ದು, ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸಿ ಅಚ್ಚು ಮಾಡುತ್ತೇವೆ. ಆ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ ಇನ್ನೊಂದು ದೊಡ್ಡ ಚಾಕುವಿನಿಂದ ಈರುಳ್ಳಿ ಪೊರೆಗಿಂತಲೂ ತೆಳ್ಳಗೆ ಹೆರೆದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತೇವೆ. ನಂತರ ಡಾಕ್ಟರರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ದೊಡ್ಡ ಚಾಕು ಲ್ಯಾಬಿನ ದೇವರು. ಅದರ ಅಲಗು ಎಲ್ಲಾದರೂ ಮುಕ್ಕಾದರೆ ಹೆರೆದ ಪೊರೆ ಉದ್ದಕ್ಕೂ ಸೀಳುತ್ತದೆ. ಸಾಣೆಗೆ ಬೆಂಗಳೂರಿಗೆ ಕಳಿಸಿದರೆ ಮರಳಿ ಬರಲು ವಾರಗಟ್ಟಲೆ ಕಾಯಬೇಕು.

ಎದೆಯ ಗಂಟುಗಳಲ್ಲಿ ಕೆಲವು ಹೊರಸುತ್ತಿನಲ್ಲಿ ಭಾಳ ಗಟ್ಟಿ. ಸಣ್ಣ ಚಾಕು ಹಾಕಿದರೆ ಕಾಯಿ ಪೇರಲ ಕೊಯ್ದಂತೆ ಕರಕರ ಸದ್ದು. ಅಂಥವನ್ನು ಹೆರೆಯಲು ಹೋದರೆ ದೊಡ್ಡ ಚಾಕು ಮುಕ್ಕಾಗುವುದು ಖಂಡಿತ. ಅದಕ್ಕೆ ಅವರ ಅಪ್ಪಣೆ: "ಸಿಪ್ಪಿ ತಗಿ, ಹಣ್ಣು ತೋರ್ಸು." ಹೊರಗಿನ ಗಟ್ಟಿ ನಾರಿನ ಸುತ್ತನ್ನು ಬಾಳೆಯ ಸಿಪ್ಪೆಯಂತೆ ತೆಗೆದುಹಾಕಿ ನಡುವಿನ ತುಂಡನ್ನು ಮಾತ್ರ ಮೇಣಕ್ಕೆ ಹಾಕಬೇಕು. ಸಿಪ್ಪೆ ಉಳಿಕೆಯ ಬಾಟಲಿಗೆ ಹೋಗುತ್ತಿತ್ತು. ತಿಂಗಳಿಗೊಮ್ಮೆ ಹಿತ್ತಲ ನುಗ್ಗೆಮರದ ಬುಡದಲ್ಲಿ ಹೂಳುತ್ತಿದ್ದೆವು.

ಚಾಕುವಿನ ಚಿಂತೆ ಮಾತ್ರವಾಗಿದ್ದರೆ ಅದು ಬರೀ ಸೋಮಾರಿತನ ಎನ್ನಬಹುದಿತ್ತು. ಅವರಿಗೆ ಅದರ ಹಿಂದೆ ಒಂದು ಸಿದ್ಧಾಂತವೂ ಇತ್ತು, ಕಾಲುವೆಯ ಊರಿನವರಿಗೆ ಮಾತ್ರ ಹೊಳೆಯಬಹುದಾದ ಸಿದ್ಧಾಂತ. ಅಣೆಕಟ್ಟೆ ಆದ ಮೇಲೆ ನಮ್ಮ ಕಡೆ ಎಲ್ಲರೂ ಕಣ್ಣಾರೆ ನೋಡಿದ್ದು ಅದೇ: ಏರಿ ಗಟ್ಟಿಯಿದ್ದರೆ ನೀರು ಒಳಗೆ, ಭತ್ತ ಕಬ್ಬು ಹೊರಗೆ, ಊರು ಸುಖವಾಗಿ. "ಮೈ ಏನು ದಡ್ಡ ಅಲ್ಲಲೇ," ಎನ್ನುತ್ತಿದ್ದರು. "ಒಳಗ ಕೆಟ್ಟದ್ದು ಹುಟ್ಟಿದ್ರ ಸುತ್ತಾ ಏರಿ ಕಟ್ತದ. ಏರಿ ಗಟ್ಟಿ ಐತಿ ಅಂದ್ರ ನೀರು ಒಳಗ ಐತಿ. ಏರಿ ನೋಡಿ ಏನ್ ಮಾಡ್ತಿ? ನೀರು ನೋಡು." ಗಂಟು ಬಂದ ಕೂಡಲೇ ಹೆಬ್ಬೆರಳಿನಿಂದ ಒತ್ತುತ್ತಿದ್ದರು, ತೋಟಕ್ಕೆ ಹೋದಾಗ ಕಾಲುವೆಯ ಏರಿಯನ್ನು ಹಿಮ್ಮಡಿಯಿಂದ ಒತ್ತುವಂತೆಯೇ. ಗಟ್ಟಿ ಅನಿಸಿದರೆ ಅವರ ಮುಖ ಸಡಿಲವಾಗುತ್ತಿತ್ತು.

ನನ್ನ ಅಪ್ಪ ಕಾಲುವೆಯ ಮೇಲೆ ಲಸ್ಕರ್ ಆಗಿದ್ದ. ಏರಿ ಕಾಯುವುದೇ ಅವನ ನೌಕರಿ. ಅವನು ಏರಿಯ ಮೇಲೆ ನಡೆದದ್ದನ್ನು ನಾನು ನೋಡಿಲ್ಲ. ಹಿಂಬದಿಗೆ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಬುಡದ ಗುಂಟ ನಡೆಯುತ್ತಿದ್ದ. ಅಂಗಾಲಿಗೆ ತೇವ ತಾಗುತ್ತದೆಯೇ ಎಂದು. "ಮ್ಯಾಲ ಸಿಮೆಂಟಿನಂಗ ಇರ್ತದಪ್ಪ. ಏಡಿ ಒಳಗಿಂದ ದಾರಿ ಮಾಡ್ಕೊಂಡಿರ್ತದ" ಎಂದು ಒಮ್ಮೆ ಹೇಳಿದ್ದ. ಡಾಕ್ಟರರು ಏರಿಯ ಸಿದ್ಧಾಂತ ಹೇಳಿದಾಗ ಈ ಮಾತು ನನ್ನ ಬಾಯಿಗೆ ಬಂತೇ? ಬಂದಿತ್ತು, ನುಂಗಿಕೊಂಡೆ ಎಂದು ನನಗೆ ಅನಿಸುತ್ತದೆ. ಆದರೆ ಇದು ತಲೆಯಲ್ಲಿ ಮಾತ್ರ ಇರುವುದು. ಹಿಂದಿನಿಂದ ಜಾಣನಾಗುವ ಚಾಳಿ ನನ್ನ ನೆನಪಿಗೆ ಇದೆ.

ಅಕ್ಕನ ಎಡ ಎದೆಯಲ್ಲಿ ಗಂಟು ಕಾಣಿಸಿದಾಗ ಅವಳು ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದ್ದೂ ನನ್ನ ಹೆಂಡತಿಗೆ. ನರ್ಸಿಂಗ್ ಹೋಮಿನಲ್ಲಿ ಗಂಟು ತೆಗೆದರು. ಮರುದಿನ ನೋಡಲು ಹೋದರೆ ಮಲಗಿದಲ್ಲಿಂದಲೇ ಕೇಳಿದಳು: "ಏನ್ ತಮ್ಮಾ, ನನ್ನ ತುಂಡು ನಿಮ್ಮಲ್ಲಿಗೆ ಬಂತಂತಲ್ಲ. ಎಲ್ಲಿಟ್ಟೀಲೇ?"

"ಉಪ್ಪಿನಕಾಯಿ ಬಾಟ್ಲಿಯೊಳಗ."

"ಉಪ್ಪು ಜಾಸ್ತಿ ಹಾಕಬ್ಯಾಡ. ಮೊದ್ಲ ನಿಮ್ಮ ಭಾವಗ ಬಿ.ಪಿ. ಐತಿ."

ನಕ್ಕು ಹೊಲಿಗೆ ಎಳೆದು ಮುಖ ಕಿವುಚಿದಳು. ಆಮೇಲೆ ಸಣ್ಣ ದನಿಯಲ್ಲಿ, "ನೀನಾ ಕೊಯ್ಯಾಂವ? ಚಾಕು ಚಲೋ ಇರ್ಲಿ ನೋಡು" ಎಂದಳು.

ನನ್ನ ನೆನಪಿನಲ್ಲಿ ಅವಳ ಗಂಟನ್ನು ಕೊಯ್ದದ್ದು ಡಾಕ್ಟರರು. ಬಿಳಿ ಪಿಂಗಾಣಿ ತಟ್ಟೆ, ಅದರ ಮೇಲೆ ನಿಂಬೆಗಾತ್ರದ ಗಂಟು, ಸಣ್ಣ ಚಾಕು ಹಿಡಿದ ಕೈಯಲ್ಲಿ ಹವಳದ ಉಂಗುರ, ಕರಕರ ಸದ್ದು, ಸುತ್ತಲಿನ ಸಿಪ್ಪೆ ಒಂದೇ ಎಳೆಯಾಗಿ ಬಿಚ್ಚಿಕೊಂಡದ್ದು. ಈ ಚಿತ್ರವನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೆ.

ನಡುವಿನ ತುಂಡನ್ನು ನೋಡಿ ಅವರು ಬರೆದರು: ಹಳೆಯ ಗಾಯ ನಾರುಗಟ್ಟಿದ್ದು, ಕ್ಯಾನ್ಸರಿನ ಲಕ್ಷಣ ಇಲ್ಲ. ಹಣ್ಣು ಸುಲಿದು ಬಾಯಿಗಿಟ್ಟುಕೊಂಡು, "ಹೋಗು, ನಿಮ್ಮಕ್ಕನ್ನ ಕಂಪ್ಲಿಗೆ ಬಿಟ್ಟು ಬಾ. ಹದಿನೈದು ದಿನ ರಜಾ ತಗೋ" ಎಂದರು. ನಾನು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯ ಎರಡೂ ಕಡೆ ಕಬ್ಬು ಹೂಬಿಟ್ಟಿತ್ತು. ಅವಳು ಕಿಟಕಿಯ ಬಳಿ ಕೂತು ಊರಿನವರನ್ನೆಲ್ಲ ಅಣಕಿಸುತ್ತ ಬಂದಳು.

ರಜೆ ಮುಗಿಸಿ ಬಂದಾಗ ದೊಡ್ಡ ಚಾಕು ಮುಕ್ಕಾಗಿತ್ತು. ಒಂದಲ್ಲ, ಮೂರು ಕಡೆ. "ಕೈ ಜಾರಿ ಬಿತ್ತಲೇ ಎಮ್ಮೆಸ್ಸಿ," ಎಂದರು. ಸಾಣೆಗೆ ಬೆಂಗಳೂರಿಗೆ ಕಳಿಸೋಣವೆಂದರೆ ಒಪ್ಪಲಿಲ್ಲ. ತಾವೇ ಕಲ್ಲಿನ ಮುಂದೆ ಕೂತು ಮೂರು ದಿನ ತಿಕ್ಕಿದರು. ಮುಟ್ಟಲು ನನ್ನನ್ನು ಬಿಡಲಿಲ್ಲ. ಬೆರಳು ಕೊಯ್ದುಕೊಂಡರೂ ಬಟ್ಟೆ ಸುತ್ತಿಕೊಂಡು ತಿಕ್ಕಿದರು. ಇಷ್ಟು ದೊಡ್ಡ ಡಾಕ್ಟರು ತಮ್ಮ ತಪ್ಪಿಗೆ ತಾವೇ ದಂಡ ತೆತ್ತರು ಎಂದು ನಾನೇ ಈ ಕಥೆಯನ್ನು ಊರೆಲ್ಲ ಹೇಳಿಕೊಂಡು ಬಂದೆ. ಇವತ್ತು ಅವರ ಸರಳತೆಗೆ ಉದಾಹರಣೆಯಾಗಿ ಜನ ಹೇಳುವುದು ಈ ಕಥೆಯನ್ನೇ. ಹಬ್ಬಿಸಿದವನು ನಾನು.

ಆಮೇಲೆ ಪ್ರತಿ ಸೋಮವಾರ ಕೇಳುತ್ತಿದ್ದರು: "ನಿಮ್ಮಕ್ಕ ಹೆಂಗದಾಳೋ?"

"ಆರಾಮದಾಳ್ರಿ."

"ತೂಕ?"

"ಮಸ್ತ್ ಆಗ್ಯಾಳ್ರಿ."

"ಹೂಂ."

ಎಂಥ ಕರುಳಿನ ಮನುಷ್ಯ ಎಂದುಕೊಂಡಿದ್ದೆ. ಒಮ್ಮೆ, "ಯಾಕಾರ ಆಗ್ಲಿ, ಬೆಂಗಳೂರಿಗೆ ಕರ್ಕೊಂಡ್ಹೋಗಿ ತೋರ್ಸಿ ಬಾ" ಎಂದಿದ್ದರೇ? ಇಂಥದೊಂದು ಮಸುಕು ನೆನಪು ನನ್ನಲ್ಲಿ ಇದೆ. ಇದು ನನ್ನ ಸೇಡಿಗೆ ಅಡ್ಡ ಬರುವ ನೆನಪು. ಅದಕ್ಕೇ ಬಿಟ್ಟುಬಿಡದೆ ಬರೆಯುತ್ತಿದ್ದೇನೆ. ಅಕ್ಕನಿಗೆ ಹಾಗೇನೋ ನಾನು ಹೇಳಿದ್ದಂತೂ ಹೌದು. ಅವಳ ಉತ್ತರ ಸ್ಪಷ್ಟವಾಗಿ ಕಿವಿಯಲ್ಲಿದೆ: "ಕಬ್ಬು ಕಡಿಯೋ ಟೈಮಿನ್ಯಾಗ ಬೆಂಗಳೂರು ತೋರ್ಸಾಕ ಬಂದೀ ನೋಡು. ಲ್ಯಾಬ್ ಡಾಕ್ಟರ್ರ ಏನೂ ಇಲ್ಲ ಅಂದಾರಲ್ಲ, ಅವ್ರಿಗಿಂತ ನೀ ಶಾಣ್ಯಾ ಏನು?" ಅವರು ಕಾರಣ ಹೇಳಿದ್ದರೆ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ಕಾರಣ ಹೇಳಲಿಲ್ಲ.

ವರ್ಷ ತುಂಬುವ ಮೊದಲೇ ಅವಳಿಗೆ ಸೊಂಟ ನೋವು ಶುರುವಾಯಿತು. ಕಬ್ಬಿನ ಹೊರೆ ಎತ್ತಿದ್ದಕ್ಕೆ ಎಂದು ಎಣ್ಣೆ ತಿಕ್ಕಿದರು. ಆಮೇಲೆ ನಿಲ್ಲಲು ಆಗಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಎಲುಬಿನ ಚಿತ್ರ ತೆಗೆದು, ಇದು ಎದೆಯಿಂದ ಬಂದದ್ದು, ಈಗ ಏನು ಮಾಡಿದರೂ ತಡ ಎಂದರು. ಅವಳು ಸತ್ತಾಗ ಕಂಪ್ಲಿಗೆ ಡಾಕ್ಟರರು ಬಂದಿದ್ದರು. ಅಂಗಳದ ತುದಿಯಲ್ಲೇ ನಿಂತರು, ಒಳಗೆ ಬರಲಿಲ್ಲ. ಹೊರಡುವಾಗ ನನ್ನ ಭುಜ ಹಿಡಿದು ಹೇಳಿದರು: "ಎಮ್ಮೆಸ್ಸಿ, ನಿಂದೇನೂ ತಪ್ಪಿಲ್ಲ."

ನನ್ನ ತಪ್ಪು ಎಂದು ಯಾರು ಹೇಳಿದ್ದರು? ಆಗ ಈ ಪ್ರಶ್ನೆ ಹೊಳೆಯಲಿಲ್ಲ. ಒಂದೆರಡು ವಾರದ ನಂತರ ಮಾತ್ರ ಕೇಳಿದೆ: "ಸರ, ಅಕ್ಕನ ಗಂಟಿನ ಸಿಪ್ಪಿ ನೋಡಬಹುದಿತ್ತೇನ್ರಿ?"

"ಅದು ಯಾವಾಗೋ ಮಣ್ಣಾಗ ಹೋತು. ಅದ್ರಾಗ ಏನಿರ್ತದ?" ಎಂದರು. ಕಣ್ಣು ಮಸೂರದಿಂದ ಎತ್ತಲಿಲ್ಲ.

ಇನ್ನೆರಡು ವರ್ಷ ಅಲ್ಲಿದ್ದು, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಬಿಟ್ಟೆ. ಅವರ ಹೆಸರು ಬೆಳೆದದ್ದು ಆಮೇಲೆ. ಎಂಬತ್ತರ ದಶಕದಲ್ಲಿ ಕಬ್ಬು, ಅದಿರು, ಹೊಸ ಹೊಸ ನರ್ಸಿಂಗ್ ಹೋಮುಗಳು. ಎಲ್ಲ ಬಾಟಲಿಗಳೂ ಇವರ ಮೇಜಿಗೇ. ಇವರು ವೈದ್ಯರ ಸಭೆಗಳಲ್ಲಿ ಎದ್ದು ನಿಂತು ಹೊಸ ಮಾತು ಹೇಳತೊಡಗಿದರು: "ಗಂಟು ಕೊಯ್ದು ನಡುವಿಂದ ಅಷ್ಟ ಕಳಿಸಬ್ಯಾಡ್ರಿ. ಏರಿ ಸಮೇತ ಕಳಿಸ್ರಿ. ಏರಿ ಗಟ್ಟಿ ಆಗೈತಿ ಅಂದ್ರ ಅಲ್ಲೇ ಕಳ್ಳ ಅದಾನ." ಒಂದು ಸಭೆಯಲ್ಲಿ ನಾನೂ ಕೂತಿದ್ದೆ. ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆ.

ಅವರು ಹೇಳಿದ್ದು ಸರಿ. ಆ ವೇಳೆಗೆ ವಿಜ್ಞಾನವೂ ಅದನ್ನೇ ಹೇಳತೊಡಗಿತ್ತು. ತರಗತಿಯಲ್ಲಿ ನಾನೂ ಅದನ್ನು ಕಲಿಸುತ್ತಿದ್ದೆ. ಜೀವಕೋಶಗಳು ಶೂನ್ಯದಲ್ಲಿ ನಿಂತಿರುವುದಿಲ್ಲ. ಅವುಗಳ ಸುತ್ತ, ಹೊರಗೆ, ಪ್ರೋಟೀನುಗಳಿಂದ ಹೆಣೆದ ಒಂದು ಹಂದರವಿದೆ. ಕೊಲಾಜೆನ್ ಅದರ ಹಗ್ಗ. ಫೈಬ್ರೊನೆಕ್ಟಿನ್ ಹಗ್ಗಕ್ಕೂ ಕೋಶಕ್ಕೂ ನಡುವಿನ ಕೊಂಡಿ. ಲ್ಯಾಮಿನಿನ್ ಕೋಶಗಳ ಕಾಲಡಿಗೆ ಹಾಸಿದ ಚಾಪೆಯ ಎಳೆ. ಒಳ್ಳೆಯ ಕಾಲದಲ್ಲಿ ಈ ಹಂದರ ಪ್ರತಿ ಕೋಶಕ್ಕೂ ನಿನ್ನ ಜಾಗ ಇದು ಎಂದು ಹೇಳಿ ಹಿಡಿದಿಡುತ್ತದೆ. ಕ್ಯಾನ್ಸರ್ ಕೋಶ ಮೊದಲು ಕಾಲಡಿಯ ಚಾಪೆಯನ್ನು ಕಿಣ್ವ ಬಿಟ್ಟು ಕರಗಿಸುತ್ತದೆ. ಆಮೇಲೆ ನೆರೆಯ ಒಳ್ಳೆಯ ಕೋಶಗಳನ್ನೇ ಕೆಲಸಕ್ಕೆ ಹಚ್ಚಿ ರಾಶಿ ರಾಶಿ ಹಗ್ಗ ಹೊಸೆಸುತ್ತದೆ. ಹಗ್ಗ ಬಿಗಿದಂತೆ ಗಂಟು ಗಟ್ಟಿಯಾಗುತ್ತದೆ. ಆ ಬಿಗಿದ ಹಗ್ಗಗಳೇ ಅದಕ್ಕೆ ಹೊರಗೆ ಹೋಗುವ ದಾರಿ. ಬಿಗುವೇ ಅದಕ್ಕೆ ಮುಂದೆ ಹೋಗು ಎಂಬ ಸೂಚನೆ. ಮೈ ತನ್ನನ್ನು ಕಾಪಾಡಲು ಕಟ್ಟಿಕೊಂಡ ಏರಿ ಎಂದು ನಾವು ನಂಬಿದ್ದೆವು. ಶತ್ರು ತನಗೆ ಬೇಕಾದಂತೆ ಕಟ್ಟಿಸಿಕೊಂಡ ರಸ್ತೆ ಅದು. ಅಂಥ ಗಂಟುಗಳ ನಡುಭಾಗದಲ್ಲಿ ಎಷ್ಟೋ ಸಲ ಹಳೆಯ ಕಲೆ ಬಿಟ್ಟು ಏನೂ ಇರುವುದಿಲ್ಲ. ಜೀವ ಇರುವುದೆಲ್ಲ ಅಂಚಿನಲ್ಲಿ, ನಾವು ನುಗ್ಗೆಮರದ ಬುಡಕ್ಕೆ ಹಾಕುತ್ತಿದ್ದ ಸಿಪ್ಪೆಯಲ್ಲಿ.

ನಮ್ಮ ಡಾಕ್ಟರರು ಇದನ್ನು ಪುಸ್ತಕ ಬರುವ ಮೊದಲೇ ಕಂಡುಕೊಂಡರು, ಎಂಥ ದೂರದೃಷ್ಟಿ ಎಂದು ಸಂಚಿಕೆಯ ಪ್ರಕಟಣೆಯಲ್ಲಿ ಅಚ್ಚಾಗಿದೆ.

ಅವರು ತೀರಿಕೊಂಡ ಮೇಲೆ ಅವರ ಮಗಳು ಹೇಳಿಕಳಿಸಿದರು. ಊರಿನ ಶಾಲೆಯಲ್ಲಿ ಟೀಚರು. "ಅಪ್ಪಾರ ಕಪಾಟು ನೀವ ನೋಡ್ರಿ ಅಣ್ಣಾ. ನನಗ ಆ ವಾಸ್ನಿ ತಡಿಯಾಂಗಿಲ್ಲ." ಮಧ್ಯಾಹ್ನದ ಬಿಸಿಲಿನಲ್ಲಿ ಕಿಟಕಿಗಳನ್ನೆಲ್ಲ ತೆರೆದು ಕೂತೆ. ಕೆಳಗಿನ ಖಾನೆಯಲ್ಲಿ, ಹತ್ತಿ ಸುತ್ತಿದ ಒಂದು ಡಬ್ಬಿ. ಒಳಗೆ ಒಂದು ಮೇಣದ ಅಚ್ಚು, ಒಂದು ಗಾಜು.

ಅಚ್ಚು ನನ್ನ ಕೈಯದಲ್ಲ ಎಂದು ನೋಡಿದೊಡನೆ ಗೊತ್ತಾಯಿತು. ಮೇಣ ಓರೆ, ಅಂಚಿನಲ್ಲಿ ಗುಳ್ಳೆ. ಅವರಿಗೆ ಮೇಣ ಹೊಯ್ಯಲು ಎಂದೂ ಬರಲಿಲ್ಲ. ಗಾಜಿನ ಚೀಟಿಯ ಮೇಲೆ ಅವರ ಮಸಿಪೆನ್ನಿನ ಅಕ್ಷರ: ಅಕ್ಕನ ಲ್ಯಾಬ್ ನಂಬರು, ಪಕ್ಕದಲ್ಲಿ "ಸಿಪ್ಪೆ", ಕೆಳಗೆ ತಾರೀಖು. ನಾನು ರಜೆಯಲ್ಲಿದ್ದ ಎರಡನೆಯ ವಾರದ ತಾರೀಖು.

ಸೂಕ್ಷ್ಮದರ್ಶಕ ಅಲ್ಲೇ ಇತ್ತು. ನಾರನ್ನು ಕೆಂಪಾಗಿ ತೋರಿಸುವ ಬಣ್ಣ ಹಾಕಿದ್ದರು. ಕೆಂಪು ಹಗ್ಗಗಳು ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿದ್ದವು. ಅವುಗಳ ನಡುವೆ ಕಪ್ಪು ಕೋಶಗಳು ಒಂದರ ಹಿಂದೆ ಒಂದು, ಗೋಡೆಯ ಬಿರುಕಿನಲ್ಲಿ ಇರುವೆ ಸಾಲು ಹೋಗುವಂತೆ, ಗಾಜಿನ ಅಂಚಿನವರೆಗೂ ಹೋಗಿದ್ದವು. ಪೊರೆಯ ಉದ್ದಕ್ಕೂ ಮೂರು ಸೀಳು. ದೊಡ್ಡ ಚಾಕು ಮುಕ್ಕಾದದ್ದು ನೆಲಕ್ಕೆ ಬಿದ್ದಲ್ಲ.

ಅವರು ಉಳಿಕೆಯ ಬಾಟಲಿಗೆ ಕೈಹಾಕಿ ಅಕ್ಕನ ಸಿಪ್ಪೆಯನ್ನು ಹುಡುಕಿ ತೆಗೆದಿದ್ದರು. ತಾವೇ ಮೇಣಕ್ಕೆ ಹಾಕಿ, ತಾವೇ ಹೆರೆದು, ಕಂಡಿದ್ದರು. ಅಕ್ಕನ ಹೊಲಿಗೆ ಇನ್ನೂ ಹಸಿಯಿದ್ದ ದಿನಗಳು ಅವು. ಎದೆ ತೆಗೆದಿದ್ದರೆ ಉಳಿಯುತ್ತಿದ್ದಳೇ? ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆದರೆ ತಿಳಿಯುವ ಹಕ್ಕು ಅವಳದಾಗಿತ್ತು, ಮತ್ತು ಅದನ್ನು ಹತ್ತಿಯಲ್ಲಿ ಸುತ್ತಿ ಕೆಳಗಿನ ಖಾನೆಗೆ ಹಾಕಿದ್ದರು.

ಆಮೇಲೆ ಹಳೆಯ ದಾಖಲೆ ಪುಸ್ತಕ ತೆಗೆದೆ. ಸಿಪ್ಪೆ ಎಸೆಯಬಾರದು, ಅದನ್ನೂ ನೋಡಬೇಕು ಎಂಬ ಹೊಸ ನಿಯಮ ನಮ್ಮ ಲ್ಯಾಬಿಗೆ ಬಂದದ್ದು ಅಕ್ಕ ಸತ್ತ ದುಃಖದಲ್ಲಿ ಎಂದು ನಾನು ನಂಬಿದ್ದೆ. ಪುಸ್ತಕ ಹಾಗೆ ಹೇಳುವುದಿಲ್ಲ. ನಾನು ರಜೆಯಿಂದ ಬಂದ ವಾರದಿಂದಲೇ ಪ್ರತಿ ಎದೆಯ ಗಂಟಿಗೂ ಎರಡು ಅಚ್ಚು, ನಡುವಿನದೊಂದು, ಅಂಚಿನದೊಂದು. ಆ ಅಚ್ಚುಗಳನ್ನು ಹೊಯ್ದವನೂ ನಾನೇ, ಅದು ಶುರುವಾದ ದಿನವನ್ನು ಮಾತ್ರ ನನ್ನ ನೆನಪು ಅಕ್ಕನ ಸಾವಿನ ಆಚೆಗೆ ಸರಿಸಿಕೊಂಡಿತ್ತು. ಆ ವರ್ಷವೆಲ್ಲ ವಡ್ಡು ಎಂಬ ಊರಿನ ಹೆಂಗಸಿನ ಸಿಪ್ಪೆ ನೋಡಿದರು, ಸಂಡೂರಿನವಳದ್ದು ನೋಡಿದರು, ಮತ್ತೊಮ್ಮೆ ಆಪರೇಷನ್ ಮಾಡಿ ಎಂದು ಬರೆದು ಕಳಿಸಿದರು. ಅವರಲ್ಲಿ ಕೆಲವರು ಇಂದಿಗೂ ಇದ್ದಾರೆ, ಸಂತೋಷ. ಅಕ್ಕನಿಂದ ಕಲಿತದ್ದನ್ನು ಎಲ್ಲರಿಗೂ ಹಂಚಿದರು, ಅವಳೊಬ್ಬಳನ್ನು ಬಿಟ್ಟು. ಪ್ರತಿ ಸೋಮವಾರ ಅವಳ ತೂಕ ಕೇಳಿದರು.

ಅದೇ ಪುಸ್ತಕದಲ್ಲಿ ಅಕ್ಕನ ಸಾಲನ್ನೂ ನೋಡಿದೆ. ಸಾಲಿನ ಕೊನೆಗೆ ಎರಡು ಕಾಲಂ. ಒಂದು "ಕೊಯ್ದವರು", ಇನ್ನೊಂದು "ನೋಡಿದವರು". ನೋಡಿದವರಲ್ಲಿ ಅವರ ಸಹಿ. ಕೊಯ್ದವರಲ್ಲಿ ನನ್ನದು.

ಹತ್ತು ಸಲ ನೋಡಿದೆ. ನನ್ನದೇ. ನನ್ನ ಬೆರಳಿಗೆ ನೆನಪು ಅವರ ಉಂಗುರವನ್ನು ತೊಡಿಸಿತ್ತು. "ನೀನಾ ಕೊಯ್ಯಾಂವ" ಎಂದು ಅವಳು ಕೇಳಿದ್ದಕ್ಕೆ ಹೂಂ ಎಂದಿದ್ದೆನೇನೋ, ಅದೂ ನೆನಪಿಲ್ಲ. ಏರಿಯ ಬುಡದಲ್ಲಿ ಬರಿಗಾಲಲ್ಲಿ ನಡೆದವನ ಮಗ ನಾನು. ಸಿಪ್ಪೆಯನ್ನು ಒಂದೇ ಎಳೆಯಲ್ಲಿ ಬಿಚ್ಚಿ ಉಳಿಕೆಯ ಬಾಟಲಿಗೆ ಹಾಕಿದವನೂ ನಾನೇ.

ಮಗಳು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಹೇಳಿದೆ. ಅವರು ಹೇಳಿದರು: "ಅಪ್ಪಾರು ನಿಮ್ಮ ಸಲವಾಗಿ ಮುಚ್ಚಿಟ್ಟಿರ್ಬೇಕ್ರಿ ಅಣ್ಣಾ. ಕೊಯ್ದೋರು ನೀವು. ಗೊತ್ತಾಗಿದ್ರ ನೀವು ತಡ್ಕೊಂತಿದ್ರೇನು?"

"ನನ್ನ ಉಳ್ಸಾಕ ಆಕಿನ್ನ ಬಿಟ್ರು ಅಂತೀರೇನವ್ವ?"

"ಹಂಗಲ್ರಿ..."

"ನಾ ಕೇಳಿದ್ನಾ? ಆಕಿನ್ನ ಯಾರಾರ ಕೇಳಿದ್ರಾ?"

"ಅವರೂ ಹೋದ್ರು. ಇನ್ನ ಬಿಡ್ರಿ ಅಣ್ಣಾ."

ಅವರು ಒಳ್ಳೆಯ ಹೆಂಗಸು. ಅವರ ಮಾತು ನಿಜವಿರಲೂಬಹುದು. ವರದಿ ತಿದ್ದಿದರೆ ಲ್ಯಾಬಿನ ಹೆಸರು ಕೆಡುತ್ತದೆ ಎಂದು ಮುಚ್ಚಿಟ್ಟರೋ, ನನ್ನ ಮುಖ ನೋಡಲಾರದೆ ಮುಚ್ಚಿಟ್ಟರೋ, ಎರಡಕ್ಕೂ ಸಾಕ್ಷಿ ಇಲ್ಲ. ಎರಡನೆಯದಾದರೆ ನನ್ನ ಸಿಟ್ಟು ಹೆಚ್ಚೇ ಆಗುತ್ತದೆ. ಅಕ್ಕನ ಜೀವವನ್ನು ನನಗೆ ನೆಮ್ಮದಿಯಾಗಿ ಕೊಡುವ ಅಧಿಕಾರ ಅವರಿಗೆ ಇರಲಿಲ್ಲ. ಹಾಗೆ ಕೊಟ್ಟದ್ದನ್ನು ನಾನು ಇಷ್ಟು ವರ್ಷ ಉಂಡೆ, ಚಪ್ಪಾಳೆ ತಟ್ಟಿದೆ.

ಡಬ್ಬಿಯನ್ನು ಮನೆಗೆ ತಂದಿದ್ದೇನೆ. ಪುಸ್ತಕವನ್ನೂ. ಸಂಚಿಕೆಯ ಬಿಡುಗಡೆಯ ದಿನ ಅವರ ಸೂಕ್ಷ್ಮದರ್ಶಕವನ್ನು ಸಭಾಂಗಣದಲ್ಲಿ ಇಡುತ್ತಾರಂತೆ. ಅದರ ಕೆಳಗೆ ಈ ಗಾಜನ್ನು ಇಟ್ಟು ಬರುತ್ತೇನೆ. ಎರಡು ಪುಟ ದಾಟಿತು, ಕತ್ತರಿಸುತ್ತೇವೆ ಎಂದು ಸಂಚಿಕೆಯವರು ಹೇಳಿದರೆ ಬೇರೆ ಕಡೆ ಅಚ್ಚು ಹಾಕಿಸಿ ಕುರ್ಚಿ ಕುರ್ಚಿಯ ಮೇಲೆ ಇಡುತ್ತೇನೆ.

ನಿನ್ನೆ ಆ ಪುಸ್ತಕದಲ್ಲಿ ಅಕ್ಕನ ಸಾಲನ್ನು ಮತ್ತೆ ತೆಗೆದೆ. ಕೊಯ್ದವರು ಇದೆ, ನೋಡಿದವರು ಇದೆ. ಹೇಳಿದವರು ಎಂಬ ಕಾಲಂ ಅದರಲ್ಲಿ ಎಂದೂ ಇರಲಿಲ್ಲ. ಸ್ಕೇಲು ಇಟ್ಟು ಗೆರೆ ಎಳೆದೆ. ಮೇಲೆ "ಹೇಳಿದವರು" ಎಂದು ಬರೆದು, ಅವಳ ಹೆಸರಿನ ಎದುರು ಸಹಿ ಹಾಕಿದೆ.